ಸರಾಗ ಚಲನೆಗೆ ತೆರುವ ಬೆಲೆ: ಉತ್ತಮ ದರ್ಜೆಯ ಫ್ಲಿಪ್ಪರ್ ಚಾಕುಗಳ ಒಂದು ಹೋಲಿಕೆ

ಕೆಲವು ವರ್ಷಗಳ ಹಿಂದೆ ನಮ್ಮ ಸಣ್ಣ ಘಟಕಕ್ಕೆ ವಿದೇಶದ ಗ್ರಾಹಕರೊಬ್ಬರಿಂದ ಮಾದರಿ ಬೇಡಿಕೆಯೊಂದು ಬಂದಿತ್ತು. ಮಡಚುವ ಚಾಕುವಿನ ಪಿವಟ್ ಸುತ್ತ ಕೂರುವ ಫಾಸ್ಫರ್ ಬ್ರಾಂಜ್ ವಾಷರುಗಳು, ಐನೂರು ಜೊತೆ. ನಕ್ಷೆಯಲ್ಲಿ ಹೊರವ್ಯಾಸ, ಒಳವ್ಯಾಸ ಮತ್ತು ದಪ್ಪ ಎಂಬ ಮೂರೇ ಅಳತೆಗಳಿದ್ದವು. ಮೂರನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಎಲ್ಲವೂ ಮಿತಿಯೊಳಗಿವೆಯೆಂದು ಖಾತ್ರಿಪಡಿಸಿಕೊಂಡು ಕಳುಹಿಸಿಕೊಟ್ಟೆವು. ಆರು ವಾರಗಳಲ್ಲಿ ಸರಕು ಇದ್ದ ಹಾಗೆಯೇ ಮರಳಿ ಬಂತು. ಜೊತೆಗಿದ್ದ ಪತ್ರದಲ್ಲಿ ನಮೂದಾಗಿದ್ದ ಕಾರಣ ಒಂದೇ ಮಾತಿನದು: ‘ಚಲನೆ ಸರಾಗವಾಗಿಲ್ಲ’.

ಸರಾಗ ಎಂಬುದು ಯಾವ ನಕ್ಷೆಯಲ್ಲಿಯೂ ಬರೆದಿರದ ಅಳತೆ. ಅದನ್ನು ಗೇಜಿನಿಂದ ಅಳೆಯುವುದು ಹೇಗೆ? ಅಳೆಯಲಾಗದ್ದನ್ನು ತಯಾರಿಸಿ ಕೊಡುವುದು ಹೇಗೆ? ಮೊದಲು ಗ್ರಾಹಕರ ಮೇಲೆ ಮುನಿಸು ಬಂದದ್ದು ನಿಜ. ಆದರೆ ಕೈಬಿಟ್ಟು ಹೋದ ಹಣಕ್ಕಿಂತ ಈ ಪ್ರಶ್ನೆಯೇ ಹೆಚ್ಚು ಕಾಡಿದ್ದರಿಂದ, ಈ ವರ್ಗದ ಚಾಕುಗಳ ರಚನೆಯನ್ನೂ ಅವುಗಳ ಬೆಲೆಯ ಗುಟ್ಟನ್ನೂ ಅರಿಯುವ ಪ್ರಯತ್ನ ಮಾಡಿದೆವು. 50 ಡಾಲರಿಗೆ ಸಿಗುವ ಚಾಕುವೂ ಬೆರಳು ತಾಗಿದೊಡನೆ ತೆರೆದುಕೊಳ್ಳುತ್ತದೆ. ಅದರ ಹತ್ತಿಪ್ಪತ್ತು ಪಟ್ಟು ಬೆಲೆಯದೂ ಹಾಗೆಯೇ ತೆರೆದುಕೊಳ್ಳುತ್ತದೆ. ಹಾಗಿದ್ದಲ್ಲಿ ಉಳಿದ ಹಣ ಯಾವುದಕ್ಕೆ ಸಲ್ಲುತ್ತದೆ? ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಸಮಾನವಾಗಿ ಪ್ರಯೋಜನಕಾರಿಯಾದ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಪ್ರಸ್ತುತ ಲೇಖನದ ಉದ್ದೇಶ.

ಫ್ಲಿಪ್ಪರ್ ಎಂದರೇನು?

ಮಡಚುವ ಚಾಕುವಿನಲ್ಲಿ ಅಲಗು ಹಿಡಿಯೊಳಗೆ ಅಡಗಿರುತ್ತದೆ. ಹಳೆಯ ಮಾದರಿಗಳಲ್ಲಿ ಅಲಗಿನ ಮೇಲಿನ ಉಗುರುಗೆರೆಗೆ ಉಗುರು ಸಿಕ್ಕಿಸಿ ಎರಡೂ ಕೈಗಳಿಂದ ಬಿಚ್ಚಬೇಕಿತ್ತು. ಫ್ಲಿಪ್ಪರ್ ಮಾದರಿಯಲ್ಲಿ ಅಲಗಿನ ಬುಡದಿಂದ ಹೊರಟ ಚಿಕ್ಕದೊಂದು ಚಾಚು ಹಿಡಿಯ ಬೆನ್ನಿನ ಮೇಲೆ ಎದ್ದು ನಿಂತಿರುತ್ತದೆ. ತೋರುಬೆರಳಿನಿಂದ ಅದನ್ನು ಒತ್ತಿದರೆ ಅಲಗು ಅರ್ಧವೃತ್ತ ಸುತ್ತಿ ತೆರೆದು, ಲಾಕ್ ಬಿದ್ದು ನಿಲ್ಲುತ್ತದೆ. ತೆರೆದ ಮೇಲೆ ಅದೇ ಚಾಚು ಬೆರಳು ಅಲಗಿನತ್ತ ಜಾರದಂತೆ ಅಡ್ಡಕಟ್ಟೆಯಾಗುತ್ತದೆ. ಅಮೆರಿಕದ ಚಾಕು ತಯಾರಕರಾದ ಕಿಟ್ ಕಾರ್ಸನ್ ಅವರು ಈ ವಿನ್ಯಾಸವನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ಸಿಆರ್‌ಕೆಟಿ ಕಂಪನಿಯು ಅವರ ಎಂ16 ಮಾದರಿಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದರಿಂದ ಅದು ಸಾಮಾನ್ಯ ಬಳಕೆದಾರರನ್ನೂ ತಲುಪಿತು.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗುಂಡಿ ಒತ್ತಿದೊಡನೆ ಸ್ಪ್ರಿಂಗಿನ ಬಲದಿಂದ ಚಿಮ್ಮುವ ಚಾಕು ಬೇರೆ, ಫ್ಲಿಪ್ಪರ್ ಬೇರೆ. ನಾವಿಲ್ಲಿ ಹೋಲಿಸುತ್ತಿರುವ ಫ್ಲಿಪ್ಪರ್‌ಗಳಲ್ಲಿ ಅಲಗನ್ನು ಹೊರಕ್ಕೆ ತಳ್ಳುವ ಸ್ಪ್ರಿಂಗ್ ಇಲ್ಲ. ಬೆರಳಿನ ಬಲವೊಂದೇ ಅದರ ಬಂಡವಾಳ. ಆ ಅಲ್ಪ ಬಂಡವಾಳ ಎಲ್ಲಿಯೂ ಸೋರಿಹೋಗದಂತೆ ನೋಡಿಕೊಳ್ಳುವುದರಲ್ಲಿಯೇ ತಯಾರಕನ ಜಾಣ್ಮೆಯೆಲ್ಲ ಅಡಗಿದೆ.

ಸರಾಗ ಚಲನೆಯ ಅಂಗಗಳು

ಮುಚ್ಚಿದ ಚಾಕು ಜೇಬಿನಲ್ಲಿ ತಾನಾಗಿ ತೆರೆಯಬಾರದು. ಇದಕ್ಕಾಗಿ ಲಾಕ್ ಪಟ್ಟಿಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ವ್ಯಾಸದ ಗಟ್ಟಿ ಉಕ್ಕಿನ ಅಥವಾ ಸಿರಾಮಿಕ್ಕಿನ ಗುಂಡೊಂದನ್ನು ಒತ್ತಿ ಕೂರಿಸಿರುತ್ತಾರೆ. ಅಲಗಿನ ಬುಡದಲ್ಲಿ ಅದಕ್ಕೆ ಸರಿಯಾದ ಪುಟ್ಟ ರಂಧ್ರವಿರುತ್ತದೆ. ಅಲಗು ಮುಚ್ಚಿದಾಗ ಗುಂಡು ರಂಧ್ರದೊಳಗೆ ಇಳಿದು ಅದನ್ನು ಹಿಡಿದಿಡುತ್ತದೆ. ಈ ವ್ಯವಸ್ಥೆಗೆ ಡಿಟೆಂಟ್ ಎಂದು ಹೆಸರು.

ಫ್ಲಿಪ್ಪರ್‌ನ ಜೀವಾಳ ಈ ಡಿಟೆಂಟ್. ಬೆರಳು ಚಾಚನ್ನು ಒತ್ತಿದರೂ ಗುಂಡು ರಂಧ್ರದ ಅಂಚನ್ನು ದಾಟುವವರೆಗೆ ಅಲಗು ಕದಲುವುದಿಲ್ಲ. ಅಷ್ಟರಲ್ಲಿ ಬೆರಳಿನ ಒತ್ತಡ ಏರುತ್ತಾ ಹೋಗುತ್ತದೆ. ಗುಂಡು ಅಂಚು ದಾಟಿದ ಕ್ಷಣ ಸಂಗ್ರಹವಾದ ಒತ್ತಡವೆಲ್ಲ ಒಮ್ಮೆಗೇ ಅಲಗಿಗೆ ಸಿಕ್ಕು ಅದು ಬೀಸಿ ತೆರೆಯುತ್ತದೆ. ಡಿಟೆಂಟ್ ತೀರ ಮೃದುವಾದರೆ ಅಲಗು ಅರ್ಧದಾರಿಯಲ್ಲಿ ನಿಲ್ಲುತ್ತದೆ. ತೀರ ಬಿಗಿಯಾದರೆ ಬೆರಳು ನೋಯುತ್ತದೆ. ರಂಧ್ರದ ಸ್ಥಾನ ಕೂದಲೆಳೆಯಷ್ಟು ತಪ್ಪಿದರೂ ಮುಚ್ಚಿದ ಅಲಗು ಗಡಗಡ ಅಲುಗುತ್ತದೆ, ಇಲ್ಲವೇ ಹಿಡಿತವೇ ಬೀಳುವುದಿಲ್ಲ.

ಎರಡನೆಯದು ಲಾಕ್ ಪಟ್ಟಿಯ ಒತ್ತಡ. ರಂಧ್ರದಿಂದ ಹೊರಬಂದ ಗುಂಡು ಅಲಗಿನ ಬುಡದ ಮೈಮೇಲೆ ಉದ್ದಕ್ಕೂ ಉಜ್ಜುತ್ತಾ ಸಾಗುತ್ತದೆ. ಪಟ್ಟಿಯ ಒತ್ತಡ ಹೆಚ್ಚಿದಷ್ಟೂ ಈ ಉಜ್ಜಾಟ ಹೆಚ್ಚು. ಕಡಿಮೆಯಾದರೆ ತೆರೆದ ಅಲಗಿನ ಕೆಳಗೆ ಲಾಕ್ ದೃಢವಾಗಿ ಕೂರುವುದಿಲ್ಲ. ಮೂರನೆಯದು ಪಿವಟ್‌ನಲ್ಲಿನ ಘರ್ಷಣೆ. ನಾಲ್ಕನೆಯದು ಅಲಗು ಬಂದು ತಾಗುವ ಸ್ಟಾಪ್ ಪಿನ್ ಮತ್ತು ಲಾಕ್ ಮುಖದ ಕೋನ. ಇವೆರಡೂ ಹೊಂದಿಕೊಳ್ಳದಿದ್ದರೆ ತೆರೆದ ಅಲಗು ಮೇಲೆ ಕೆಳಗೆ ಅಲ್ಲಾಡುತ್ತದೆ.

ಈ ನಾಲ್ಕರಲ್ಲಿ ಒಂದನ್ನು ಸರಿಪಡಿಸಹೊರಟರೆ ಇನ್ನೊಂದು ಕೆಡುತ್ತದೆ. ಆದ್ದರಿಂದಲೇ ಪ್ರತ್ಯೇಕವಾಗಿ ಸರಿಯಾಗಿರುವ ಭಾಗಗಳನ್ನು ಜೋಡಿಸಿದ ಮಾತ್ರಕ್ಕೆ ಒಳ್ಳೆಯ ಚಾಕು ಆಗುವುದಿಲ್ಲ. ಪಿವಟ್ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದರೆ ಎಂಥ ಒರಟು ಚಾಕುವೂ ಸರಾಗವಾಗಿ ತಿರುಗುತ್ತದೆ. ಆದರೆ ಅಲಗು ಅಕ್ಕಪಕ್ಕ ಆಡತೊಡಗುತ್ತದೆ. ಬಿಗಿಗೊಳಿಸಿದರೆ ಅಲುಗಾಟ ನಿಲ್ಲುತ್ತದೆ, ಜೊತೆಗೆ ಸರಾಗವೂ ನಿಲ್ಲುತ್ತದೆ. ಸಡಿಲವಿಲ್ಲದ ಸರಾಗ ಬೇಕೆಂದಾಗ ಮಾತ್ರ ಖರ್ಚು ಆರಂಭವಾಗುತ್ತದೆ.

ಒಂದು ಚಿಕ್ಕ ಲೆಕ್ಕದಿಂದ ಇದನ್ನು ಮನಗಾಣಬಹುದು. ಅಲಗಿಗೆ ಆಧಾರವಾದ ವಾಷರಿನ ವ್ಯಾಸ 12 ಮಿ.ಮೀ., ಪಿವಟ್‌ನಿಂದ ಅಲಗಿನ ತುದಿಗೆ 90 ಮಿ.ಮೀ. ಎಂದಿಟ್ಟುಕೊಳ್ಳೋಣ. ವಾಷರಿನ ಬಳಿ 0.02 ಮಿ.ಮೀ. ಸಡಿಲವಿದ್ದರೆ ತುದಿಯಲ್ಲಿ ಅದು 0.15 ಮಿ.ಮೀ. ಅಲುಗಾಟವಾಗಿ ಕಾಣಿಸಿಕೊಳ್ಳುತ್ತದೆ. ಕೈಗೆ ಇದು ತಿಳಿಯುತ್ತದೆ. ವಾಷರಿನ ಸುತ್ತಳತೆಯಲ್ಲಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿದ್ದರೂ ಇದೇ ಫಲಿತಾಂಶ. ನಮ್ಮ ಸರಕು ಮರಳಿ ಬಂದದ್ದರ ಹಿಂದೆ ಇದ್ದ ಸತ್ಯವೂ ಇದೇ ಎಂಬುದು ನಮಗೆ ಅರ್ಥವಾದದ್ದು ತಡವಾಗಿ.

ವಾಷರೋ, ಬೇರಿಂಗೋ?

ಪಿವಟ್ ಘರ್ಷಣೆಯನ್ನು ನಿಭಾಯಿಸಲು ಎರಡು ದಾರಿಗಳಿವೆ. ವಾಷರ್ ಹಳೆಯ ದಾರಿ. ಅಗಲವಾದ ಮೇಲ್ಮೈ ಅಲಗನ್ನು ಅಪ್ಪಿ ಹಿಡಿಯುವುದರಿಂದ ಅಡ್ಡಬಲವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ; ಧೂಳು ಮಣ್ಣಿಗೂ ಅಷ್ಟಾಗಿ ಅಂಜುವುದಿಲ್ಲ. ಆದರೆ ಅಲಗಿನ ಎರಡು ಮೈಗಳು, ವಾಷರಿನ ಎರಡು ಮೈಗಳು, ಹಿಡಿಯ ಒಳಮೈಗಳು ಎಲ್ಲವೂ ಒಂದಕ್ಕೊಂದು ಸಮಾನಾಂತರವಾಗಿರಲೇಬೇಕು. ಇಲ್ಲಿ ತಪ್ಪನ್ನು ಮುಚ್ಚಿಡಲು ಅವಕಾಶವಿಲ್ಲ.

ಗುಂಡುಬೇರಿಂಗ್ ಹೊಸ ದಾರಿ. ಬ್ರೆಜಿಲ್‌ನ ಫ್ಲಾವಿಯೋ ಇಕೋಮಾ ಮತ್ತು ಕೋರ್ಥ್ ಹೆಸರಿನ ರಿಕ್ ಲಾಲಾ ಸೇರಿ ರೂಪಿಸಿದ ಐಕೆಬಿಎಸ್ ವ್ಯವಸ್ಥೆಯಲ್ಲಿ ಬಿಡಿ ಗುಂಡುಗಳು ಕೊರೆದ ಕಾಲುವೆಯಲ್ಲಿ ಉರುಳುತ್ತವೆ. ಅನಂತರ ಪಂಜರದೊಳಗೆ ಗುಂಡುಗಳನ್ನು ಕೂರಿಸಿದ ಬೇರಿಂಗುಗಳು ವ್ಯಾಪಕವಾದವು. ಅಮೆರಿಕದ ಕೈ ಯುಎಸ್‌ಎ ಕಂಪನಿಯ ಕೆವಿಟಿ ಇದಕ್ಕೆ ಒಂದು ಉದಾಹರಣೆ. ಪಿವಟನ್ನು ಬಿಗಿಯಾಗಿ ಕಟ್ಟಿದರೂ ಅಲಗು ಹಗುರವಾಗಿ ತಿರುಗುವುದು ಬೇರಿಂಗಿನ ದೊಡ್ಡ ಲಾಭ. ಆದರೆ ಗುಂಡು ತಾಗುವುದು ಒಂದು ಬಿಂದುವಿನಲ್ಲಿ. ಅದು ನೇರವಾಗಿ ಮೆದು ಟೈಟಾನಿಯಂ ಮೇಲೆ ಓಡಿದರೆ ಕಾಲಕ್ರಮೇಣ ಗಾಡಿ ಚಕ್ರದ ಜಾಡಿನಂತೆ ಗೆರೆ ಕೊರೆಯುತ್ತದೆ. ಅದಕ್ಕಾಗಿ ಗಡಸು ಉಕ್ಕಿನ ತೆಳು ಬಿಲ್ಲೆಗಳನ್ನು ಹಿಡಿಯೊಳಗೆ ಹುದುಗಿಸುವುದು ಉತ್ತಮ ಪದ್ಧತಿ. ಕಡಿಮೆ ಬೆಲೆಯ ಚಾಕುಗಳಲ್ಲಿ ಮೊದಲು ಕೈಬಿಡುವುದೂ ಇಂಥ ಕಣ್ಣಿಗೆ ಕಾಣದ ಭಾಗಗಳನ್ನೇ.

ಇನ್ನೊಂದು ಸೂಕ್ಷ್ಮವಿದೆ. ಮೈಗಳು ತುಸು ಓರೆಯಾಗಿದ್ದರೂ ಬೇರಿಂಗ್ ತಿರುಗಿಬಿಡುತ್ತದೆ. ಅಂದರೆ ಬೇರಿಂಗ್ ಒಳ್ಳೆಯ ಕೆಲಸವನ್ನು ಇನ್ನಷ್ಟು ಮೆರೆಸುವಂತೆಯೇ ಕೆಟ್ಟ ಕೆಲಸವನ್ನು ಸ್ವಲ್ಪ ಕಾಲ ಮರೆಮಾಚಲೂ ಬಲ್ಲದು. ಅಂಗಡಿಯ ಮೇಜಿನ ಮೇಲೆ ಸರಾಗವಾಗಿ ತೆರೆದದ್ದು ವರ್ಷದ ನಂತರ ಹೇಗಿದ್ದೀತೆಂಬುದನ್ನು ಅದೊಂದರಿಂದಲೇ ಊಹಿಸಲಾಗದು.

ಅಳತೆಗೋಲು: ಸೆಬೆಂಜಾ

ಹೋಲಿಕೆಗೆ ಮೊದಲು ಒಂದು ಅಳತೆಗೋಲು ಬೇಕಷ್ಟೆ. ಫ್ಲಿಪ್ಪರ್ ಅಲ್ಲದಿದ್ದರೂ ಈ ಮಾತು ಬಂದಾಗ ಎಲ್ಲರೂ ಬೊಟ್ಟುಮಾಡುವುದು ಕ್ರಿಸ್ ರೀವ್ ಅವರ ಸೆಬೆಂಜಾದ ಕಡೆಗೆ. ದಕ್ಷಿಣ ಆಫ್ರಿಕಾದಲ್ಲಿ ಚಾಕು ತಯಾರಿಕೆ ಆರಂಭಿಸಿದ ರೀವ್ 1989ರಲ್ಲಿ ಅಮೆರಿಕದ ಐಡಾಹೋ ರಾಜ್ಯದ ಬೋಯ್ಸಿಯಲ್ಲಿ ನೆಲೆನಿಂತರು. 1990ರ ದಶಕದ ಆರಂಭದಲ್ಲಿ ಬಂದ ಈ ಚಾಕುವಿನ ಹೆಸರಿಗೆ ಜುಲು ಭಾಷೆಯಲ್ಲಿ ‘ಕೆಲಸ’ ಎಂದು ಅರ್ಥ. ಹಿಡಿಯ ಒಂದು ಪಕ್ಕವನ್ನೇ ಸೀಳಿ ಲಾಕ್ ಪಟ್ಟಿಯನ್ನಾಗಿಸುವ ವಿಧಾನ, ಅಂದರೆ ಇಂದು ಫ್ರೇಮ್ ಲಾಕ್ ಎಂದು ಕರೆಯಲ್ಪಡುವ ರಚನೆ, ಹರಡಿದ್ದು ಇದರ ಮೂಲಕ.

ಸೆಬೆಂಜಾ 21 ಮಾದರಿಯ ಪಿವಟ್ ನಮ್ಮಂಥ ಉತ್ಪಾದಕರಿಗೆ ಪಠ್ಯಪುಸ್ತಕದಂತಿದೆ. ಅದರಲ್ಲಿ ಅಲಗಿನ ರಂಧ್ರದೊಳಗೆ ಒಂದು ಬುಷ್ ಇರುತ್ತದೆ. ಬುಷ್‌ನ ಉದ್ದವು ಅಲಗಿನ ದಪ್ಪ ಹಾಗೂ ಎರಡು ವಾಷರುಗಳ ದಪ್ಪ ಸೇರಿದ ಮೊತ್ತಕ್ಕಿಂತ ಕೆಲವೇ ಮೈಕ್ರಾನ್ ಹೆಚ್ಚು. ಸ್ಕ್ರೂವನ್ನು ಪೂರ್ತಿ ಬಿಗಿದರೂ ಹಿಡಿ ಬುಷ್‌ಗೆ ತಾಗಿ ನಿಲ್ಲುತ್ತದೆಯೇ ಹೊರತು ಅಲಗನ್ನು ಹಿಸುಕುವುದಿಲ್ಲ. ಎಷ್ಟು ಸಡಿಲ ಬಿಡಬೇಕೆಂಬುದನ್ನು ಇಲ್ಲಿ ಬಳಕೆದಾರನ ಸ್ಕ್ರೂಡ್ರೈವರ್ ತೀರ್ಮಾನಿಸುವುದಿಲ್ಲ. ಕಾರ್ಖಾನೆಯ ಗ್ರೈಂಡಿಂಗ್ ಕಲ್ಲು ಮೊದಲೇ ತೀರ್ಮಾನಿಸಿರುತ್ತದೆ. ಬೇರಿಂಗ್ ಇಲ್ಲದೆಯೂ ಎಣ್ಣೆಯಲ್ಲಿ ಜಾರಿದಂತಹ ನಿಧಾನ, ತೂಕದ ಚಲನೆ ಅದಕ್ಕೆ ಬಂದಿರುವುದು ಹೀಗೆ.

ಒಂದೇ ವಿನ್ಯಾಸ, ಎರಡು ಕಾರ್ಖಾನೆ

ಫ್ಲಿಪ್ಪರ್‌ಗಳ ಹೋಲಿಕೆಗೆ ಅತ್ಯುತ್ತಮ ಜೋಡಿ ಅಮೆರಿಕದ ರಿಕ್ ಹಿಂಡರರ್ ಅವರ ವಿನ್ಯಾಸದ್ದು. ಅಗ್ನಿಶಾಮಕ ಸೇವೆಯ ಅನುಭವವಿದ್ದ ಹಿಂಡರರ್ ಓಹಾಯೋ ರಾಜ್ಯದ ತಮ್ಮ ಕಾರ್ಖಾನೆಯಲ್ಲಿ ಎಕ್ಸ್‌ಎಂ-18 ಎಂಬ ಫ್ಲಿಪ್ಪರನ್ನು ತಯಾರಿಸುತ್ತಾ ಬಂದರು. ಒಂದು ಪಕ್ಕ ಜಿ-10, ಇನ್ನೊಂದು ಪಕ್ಕ ಟೈಟಾನಿಯಂ ಫ್ರೇಮ್ ಲಾಕ್, ದಪ್ಪ ಅಲಗು. ಬೇಡಿಕೆ ಉತ್ಪಾದನೆಯನ್ನು ಮೀರಿತ್ತು. 2011ರಲ್ಲಿ ಕೈ ಯುಎಸ್‌ಎ ಕಂಪನಿಯ ಜೀರೋ ಟಾಲರೆನ್ಸ್ ಬ್ರಾಂಡ್ ಹಿಂಡರರ್ ವಿನ್ಯಾಸದ 0560 ಮಾದರಿಯನ್ನು ಹೊರತಂದಿತು. ಅನಂತರ ಅದರ ಚಿಕ್ಕ ತಮ್ಮನಂತೆ 0562 ಬಂತು. ಬೆಲೆ ಮೂಲ ಚಾಕುವಿನ ಸರಿಸುಮಾರು ಅರ್ಧ.

ವಿನ್ಯಾಸಕಾರರು ಒಬ್ಬರೇ ಆದರೂ ಎರಡು ಕಾರ್ಖಾನೆಗಳು ತುಳಿದ ಹಾದಿ ಬೇರೆ. ದೊಡ್ಡ ಸಂಖ್ಯೆಯಲ್ಲಿ ತಯಾರಿಸುವ ಜೀರೋ ಟಾಲರೆನ್ಸ್ ಈ ಮಾದರಿಗಳಿಗೆ ಕೆವಿಟಿ ಬೇರಿಂಗನ್ನು ಆರಿಸಿಕೊಂಡಿತು. ಪ್ರತಿಯೊಂದನ್ನೂ ಕೈಯಿಂದ ಹೊಂದಿಸದೆಯೇ ಎಲ್ಲ ಚಾಕುಗಳೂ ಸಮಾನವಾಗಿ ತೆರೆದುಕೊಳ್ಳುವಂತೆ ಮಾಡಲು ಅದು ಸರಿಯಾದ ನಿರ್ಧಾರ. ಎಕ್ಸ್‌ಎಂ-18 ಬಹುಕಾಲ ವಾಷರುಗಳನ್ನೇ ನೆಚ್ಚಿಕೊಂಡಿತ್ತು. ಕಠಿಣ ಕೆಲಸಕ್ಕೆ ಅದು ಮೇಲು ಎಂಬ ನಂಬಿಕೆ ಒಂದೆಡೆಯಾದರೆ, ಹೊಸದರಲ್ಲಿ ಚಲನೆ ಬಿಗಿ ಎಂಬ ಗ್ರಾಹಕರ ಗೊಣಗು ಇನ್ನೊಂದೆಡೆ. ಕೊನೆಗೆ ಹಿಂಡರರ್ ಟ್ರೈ-ವೇ ಎಂಬ ಪಿವಟ್ ವ್ಯವಸ್ಥೆಯನ್ನು ತಂದು ಫಾಸ್ಫರ್ ಬ್ರಾಂಜ್ ವಾಷರ್, ಟೆಫ್ಲಾನ್ ವಾಷರ್, ಬೇರಿಂಗ್ ಈ ಮೂರರಲ್ಲಿ ಯಾವುದನ್ನಾದರೂ ಒಂದೇ ಚಾಕುವಿಗೆ ಹಾಕಿಕೊಳ್ಳುವ ಸ್ವಾತಂತ್ರ್ಯವನ್ನು ಬಳಕೆದಾರನಿಗೇ ಬಿಟ್ಟುಕೊಟ್ಟರು.

ಇದನ್ನು ಬರಿಯ ಮಾರಾಟದ ತಂತ್ರವೆಂದು ತಳ್ಳಿಹಾಕಲಾಗದು. ಮೂರು ಬಗೆಯ ಬಿಡಿಭಾಗಗಳು ಅದಲು ಬದಲಾದರೂ ಅಲಗು ನಡುವೆಯೇ ನಿಲ್ಲಬೇಕಾದರೆ, ಡಿಟೆಂಟ್ ಅಲ್ಲೇ ಬೀಳಬೇಕಾದರೆ, ಹಿಡಿಯಲ್ಲಿ ಕೊರೆದ ಗುಳಿಗಳ ಆಳ ಪ್ರತಿ ಚಾಕುವಿನಲ್ಲಿಯೂ ಒಂದೇ ಇರಬೇಕಾಗುತ್ತದೆ. ಹೆಚ್ಚಿನ ಬೆಲೆಯ ಒಂದು ಪಾಲು ಸಲ್ಲುವುದು ಈ ಏಕರೂಪತೆಗೆ.

ರಷ್ಯದ ಕೈಚಳಕ, ಚೀನಾದ ಕಲಿಕೆ

ಸರಾಗ ಚಲನೆಯ ಪರಮಾವಧಿ ಎಂದು ಸಂಗ್ರಾಹಕರು ಹೆಸರಿಸುವುದು ರಷ್ಯದ ಶಿರೊಗೊರೊವ್ ಸಹೋದರರು ಆರಂಭಿಸಿದ ಕಾರ್ಯಾಗಾರದ ಚಾಕುಗಳನ್ನು. ಅವುಗಳ ಬೆಲೆ ಬಹುಮಟ್ಟಿಗೆ ಸಾವಿರ ಡಾಲರಿನ ಆಸುಪಾಸಿನದು. ಒಂದೇ ಸಾಲಿನ ಬದಲು ಚಿಕ್ಕ ಗುಂಡುಗಳನ್ನು ಅನೇಕ ಸಾಲುಗಳಲ್ಲಿ ಹರಡಿದ ಬೇರಿಂಗ್ ಅವರ ವೈಶಿಷ್ಟ್ಯ. ಭಾರ ಹೆಚ್ಚು ಬಿಂದುಗಳಿಗೆ ಹಂಚಿಹೋಗುವುದರಿಂದ ಬೇರಿಂಗಿನ ಹಗುರತನವೂ ವಾಷರಿನ ಅಗಲ ಆಧಾರವೂ ಸ್ವಲ್ಪಮಟ್ಟಿಗೆ ಒಟ್ಟಿಗೆ ದಕ್ಕುತ್ತವೆ. ಆದರೆ ಬೇರಿಂಗ್ ಒಂದರಿಂದಲೇ ಆ ಕೀರ್ತಿ ಬಂದಿಲ್ಲ. ಡಿಟೆಂಟ್ ಗಟ್ಟಿಯಾಗಿದ್ದೂ ಬೆರಳಿಗೆ ನೋವಾಗದಂತೆ, ಲಾಕ್ ಬಿಡಿಸಿದೊಡನೆ ಅಲಗು ತನ್ನ ತೂಕದಿಂದಲೇ ಇಳಿದು ಮುಚ್ಚುವಂತೆ, ಆದರೂ ಎಲ್ಲಿಯೂ ಅಲುಗಾಟವಿಲ್ಲದಂತೆ ಹೊಂದಿಸುವ ಶ್ರಮವೇ ಮುಖ್ಯ. ಇಲ್ಲಿ ಗ್ರಾಹಕ ಬೆಲೆ ಕೊಡುತ್ತಿರುವುದು ಯಂತ್ರಕ್ಕಿಂತ ಜೋಡಣೆಯ ಮೇಜಿನ ಮುಂದೆ ಕಳೆದ ಗಂಟೆಗಳಿಗೆ.

ನಮ್ಮ ಓದುಗರು ಹೆಚ್ಚು ಗಮನಿಸಬೇಕಾದದ್ದು ಚೀನಾದ ಉದಾಹರಣೆ. ಗ್ವಾಂಗ್‌ಡಾಂಗ್ ಪ್ರಾಂತದ ಯಾಂಗ್‌ಜಿಯಾಂಗ್ ಚಾಕು ಕತ್ತರಿಗಳಿಗೆ ಹೆಸರಾದ ಪಟ್ಟಣ. ಅಲ್ಲಿನ ವೀ ನೈಫ್ ಸಂಸ್ಥೆ ವರ್ಷಗಟ್ಟಲೆ ಬೇರೆಯವರ ಹೆಸರಿನಲ್ಲಿ ಚಾಕು ತಯಾರಿಸಿಕೊಡುತ್ತಿತ್ತು. ಇತರರ ನಕ್ಷೆ, ಇತರರ ಮುದ್ರೆ, ಇತರರ ಲಾಭ. 2010ರ ದಶಕದಲ್ಲಿ ಅದು ಟೈಟಾನಿಯಂ ಹಿಡಿಯ, ಉತ್ತಮ ಪುಡಿಲೋಹದ ಉಕ್ಕಿನ ಫ್ಲಿಪ್ಪರ್‌ಗಳನ್ನು ಸ್ವಂತ ಹೆಸರಿನಲ್ಲಿ ಮಾರಲು ತೊಡಗಿತು. ಚೀನಾದ ಮತ್ತೊಂದು ಸಂಸ್ಥೆಯಾದ ರಿಯೇಟ್ ಕೂಡ ಅದೇ ದಶಕದಲ್ಲಿ ಹೆಸರು ಗಳಿಸಿತು. ಅಲ್ಲಿಯವರೆಗೆ ‘ಚೀನಾ ಮಾಲು’ ಎಂದು ಮೂಗು ಮುರಿಯುತ್ತಿದ್ದ ಸಂಗ್ರಾಹಕರೇ ಯಂತ್ರಗೆಲಸದ ಅಚ್ಚುಕಟ್ಟಿನಲ್ಲಿ ಇವುಗಳನ್ನು ಅಮೆರಿಕದ ಚಾಕುಗಳ ಪಕ್ಕದಲ್ಲಿಟ್ಟು ನೋಡತೊಡಗಿದರು.

2018ರಲ್ಲಿ ವೀ ನೈಫ್ ಸಿವಿವಿ ಎಂಬ ಕಡಿಮೆ ಬೆಲೆಯ ಬ್ರಾಂಡನ್ನು ಆರಂಭಿಸಿತು. ಅದರ ಎಲಿಮೆಂಟಮ್ ಎಂಬ ಫ್ಲಿಪ್ಪರ್ ಡಿ2 ಉಕ್ಕಿನ ಅಲಗು, ಜಿ-10 ಹಿಡಿ ಮತ್ತು ಸಿರಾಮಿಕ್ ಗುಂಡಿನ ಬೇರಿಂಗಿನೊಂದಿಗೆ ಸುಮಾರು 50 ಡಾಲರಿಗೆ ಮಾರುಕಟ್ಟೆಗೆ ಬಂತು. ಅದರ ಚಲನೆ ನಿಜಕ್ಕೂ ಸರಾಗ. ದುಬಾರಿ ಚಾಕುವಿನಲ್ಲಿ ಕಲಿತ ಡಿಟೆಂಟ್ ಹೊಂದಾಣಿಕೆಯನ್ನು ಅಗ್ಗದ ಚಾಕುವಿಗೆ ಇಳಿಸಿದ್ದರ ಫಲವಿದು. ಹೀಗಾಗಿ ‘ಸರಾಗವಾಗಿ ತೆರೆಯುತ್ತದೆ’ ಎಂಬ ಒಂದೇ ಗುಣದ ಮೇಲೆ 400 ಡಾಲರ್ ಕೇಳುವ ಕಾಲ ಮುಗಿದಿದೆ. ದುಬಾರಿ ಚಾಕು ಈಗ ಉಕ್ಕಿನಲ್ಲಿ, ಲಾಕ್‌ನ ಬಾಳಿಕೆಯಲ್ಲಿ, ಬಿಚ್ಚಿ ಜೋಡಿಸಿದ ಮೇಲೂ ಮೊದಲಿನಂತೆಯೇ ಇರುವ ನಿಖರತೆಯಲ್ಲಿ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳಬೇಕಾಗಿದೆ.

ಉಕ್ಕು ಮತ್ತು ಟೈಟಾನಿಯಂ

ಅಲಗಿನ ಉಕ್ಕು ಚಲನೆಗೆ ಸಂಬಂಧವಿಲ್ಲದ್ದೆಂದು ತೋರಬಹುದು, ಹಾಗಲ್ಲ. ಡಿಟೆಂಟ್ ಗುಂಡು ಉಜ್ಜುವುದು ಅದೇ ಉಕ್ಕಿನ ಮೇಲೆ. ಅಲಗು ಸಾಕಷ್ಟು ಗಡಸಾಗಿಲ್ಲದಿದ್ದರೆ ಗುಂಡು ಅಲ್ಲಿ ಗೆರೆ ಕೊರೆದು, ರಂಧ್ರದ ಅಂಚನ್ನು ಸವೆಸಿ, ಡಿಟೆಂಟ್ ದಿನೇ ದಿನೇ ಮೃದುವಾಗುತ್ತದೆ. ಹಾಗೆಯೇ ಉಷ್ಣೋಪಚಾರದಲ್ಲಿ ಅಲಗು ಬಾಗುವುದು ಸಹಜ. ಬಾಗಿದ್ದನ್ನು ತಟ್ಟಿ ನೆಟ್ಟಗೆ ಮಾಡಿ ಮುಂದೆ ಸಾಗುವವರು ಒಂದು ಬಗೆ. ಗಡಸುಗೊಂಡ ಮೇಲೆ ಎರಡೂ ಮೈಗಳನ್ನು ಮತ್ತೆ ಗ್ರೈಂಡ್ ಮಾಡಿ, ಪಿವಟ್ ರಂಧ್ರವನ್ನು ಅಂತಿಮ ಅಳತೆಗೆ ತರುವವರು ಇನ್ನೊಂದು ಬಗೆ. ಗಡಸು ಉಕ್ಕಿನ ಮೇಲೆ ಮಾಡುವ ಈ ಎರಡನೆಯ ಸುತ್ತಿನ ಕೆಲಸ ಕಲ್ಲನ್ನೂ ಸಮಯವನ್ನೂ ತಿನ್ನುತ್ತದೆ.

ಈ ವರ್ಗದಲ್ಲಿ ಪುಡಿಲೋಹ ವಿಧಾನದ ತುಕ್ಕುರಹಿತ ಉಕ್ಕುಗಳು ರೂಢಿಯಲ್ಲಿವೆ. ಅಮೆರಿಕದ ಕ್ರೂಸಿಬಲ್ ಕಂಪನಿ ಕ್ರಿಸ್ ರೀವ್ ಅವರ ಸಲಹೆ ಪಡೆದು ರೂಪಿಸಿ 2001ರಲ್ಲಿ ಹೊರತಂದ ಎಸ್30ವಿ ಚಾಕುವಿಗೆಂದೇ ಹುಟ್ಟಿದ ಉಕ್ಕು. ಆಸ್ಟ್ರಿಯದ ಬ್ಯೋಲರ್ ಸಂಸ್ಥೆಯ ಎಂ390, ಕ್ರೂಸಿಬಲ್‌ನ 20ಸಿವಿ, ಕಾರ್ಪೆಂಟರ್‌ನ 204ಪಿ ಈ ಮೂರೂ ಸಂಯೋಜನೆಯಲ್ಲಿ ಬಹುತೇಕ ಒಂದೇ: ಸುಮಾರು ಶೇ. 1.9 ಇಂಗಾಲ, ಶೇ. 20 ಕ್ರೋಮಿಯಂ, ಶೇ. 4 ವನಾಡಿಯಂ. ಹೆಸರು ಬೇರೆಯಾದ ಮಾತ್ರಕ್ಕೆ ಹೆಚ್ಚು ಬೆಲೆ ತೆರಬೇಕಾಗಿಲ್ಲವೆಂಬುದನ್ನು ವರ್ತಕರು ನೆನಪಿಡಬೇಕು. ಕ್ರೂಸಿಬಲ್ 2009ರಲ್ಲಿಯೂ ಮತ್ತೆ 2024ರ ಡಿಸೆಂಬರ್‌ನಲ್ಲಿಯೂ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೋದದ್ದು, ಒಬ್ಬರೇ ಪೂರೈಕೆದಾರರನ್ನು ನೆಚ್ಚಿಕೊಳ್ಳುವ ಉತ್ಪಾದಕರೆಲ್ಲರಿಗೂ ಎಚ್ಚರಿಕೆಯ ಗಂಟೆ.

ಹಿಡಿಗೆ ಬಳಸುವ ಟೈಟಾನಿಯಂ ಮಿಶ್ರಲೋಹ ಉಕ್ಕಿಗಿಂತ ಬಹಳ ಹಗುರ, ತುಕ್ಕು ಹಿಡಿಯದು, ಸ್ಪ್ರಿಂಗಿನಂತೆ ಬಾಗಿ ಮರಳುತ್ತದೆ. ಆದರೆ ಉಕ್ಕಿಗೆ ಉಜ್ಜಿದಾಗ ಅಂಟಿಕೊಳ್ಳುವ ಕೆಟ್ಟ ಗುಣ ಅದಕ್ಕಿದೆ. ಲಾಕ್ ಪಟ್ಟಿಯ ತುದಿ ಅಲಗಿಗೆ ಕಚ್ಚಿಕೊಂಡು ಬಿಡಿಸಲು ಕಷ್ಟವಾಗುವುದು ಇದರಿಂದಲೇ. 0562ರಲ್ಲಿ ಇರುವಂತೆ ಪಟ್ಟಿಯ ತುದಿಗೆ ಗಡಸು ಉಕ್ಕಿನ ತುಂಡನ್ನು ಸ್ಕ್ರೂ ಹಾಕಿ ಕೂರಿಸುವುದು ಒಳ್ಳೆಯ ಪರಿಹಾರ; ಸವೆದರೆ ಆ ತುಂಡನ್ನಷ್ಟೇ ಬದಲಿಸಬಹುದು.

ವರ್ತಕರು ಪರಿಶೀಲಿಸಬೇಕಾದದ್ದು

ಮಾದರಿ ಕೈಗೆ ಬಂದಾಗ ಹತ್ತು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆಗಳು ಹೀಗಿವೆ:

1. ಮೊದಲು ಅಲುಗಾಟ, ಆಮೇಲೆ ಸರಾಗ. ತೆರೆದ ಅಲಗನ್ನು ಬೆನ್ನಿನಲ್ಲಿ ಹಿಡಿದು ಅಕ್ಕಪಕ್ಕ, ಮೇಲೆ ಕೆಳಗೆ ಒತ್ತಿ ನೋಡಿರಿ. ಅಲುಗಾಟವಿದ್ದರೆ ಪಿವಟನ್ನು ಬಿಗಿದು, ಅದು ನಿಂತ ಮೇಲೆ ಮಾತ್ರ ಚಲನೆಯನ್ನು ಪರೀಕ್ಷಿಸಿರಿ.

2. ಮುಚ್ಚಿದಾಗ ಅಲಗು ಹಿಡಿಯ ನಟ್ಟನಡುವೆ ಇದೆಯೇ ನೋಡಿರಿ. ಒಂದು ಪಕ್ಕಕ್ಕೆ ವಾಲಿದ್ದರೆ ಯಾವುದೋ ಮೈ ಸಮಾನಾಂತರವಾಗಿಲ್ಲ ಎಂದರ್ಥ.

3. ಹತ್ತು ಬಾರಿ ಮೆಲ್ಲಗೆ, ಹತ್ತು ಬಾರಿ ಜೋರಾಗಿ ತೆರೆಯಿರಿ. ಒಳ್ಳೆಯ ಡಿಟೆಂಟ್ ಇಪ್ಪತ್ತು ಬಾರಿಯೂ ಪೂರ್ತಿ ತೆರೆಸುತ್ತದೆ.

4. ಬೆನ್ನು ಮೇಲಾಗಿ ಹಿಡಿದ ಮುಚ್ಚಿದ ಚಾಕುವನ್ನು ಮೆಲ್ಲಗೆ ಕೊಡವಿರಿ. ಅಲಗು ಹೊರಬಂದರೆ ಆ ಸರಕನ್ನು ಮಾರದಿರುವುದೇ ಲೇಸು.

5. ಲಾಕ್ ಪಟ್ಟಿ ಅಲಗಿನ ಬುಡದ ಅಗಲದಲ್ಲಿ ಎಷ್ಟು ಭಾಗ ಸರಿದಿದೆ ನೋಡಿರಿ. ಹೊಸ ಚಾಕುವಿನಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಇದ್ದರೆ ಸವೆತಕ್ಕೆ ಮುಂದೆ ಜಾಗವಿರುತ್ತದೆ.

6. ಸಾಧ್ಯವಿದ್ದರೆ ಒಂದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿರಿ. ಮೊದಲಿನಂತೆಯೇ ಕೂತರೆ ಅದು ಅಳತೆಯ ಕೆಲಸ. ಮತ್ತೆ ಮತ್ತೆ ತಿದ್ದಬೇಕಾದರೆ ಅದು ಜೋಡಿಸುವವನ ಕೈಯ ಉಪಾಯ.

ಕಾನೂನಿನ ಎಚ್ಚರಿಕೆ

ಅಮೆರಿಕದಲ್ಲಿ 1958ರ ಕಾಯಿದೆ ಚಿಮ್ಮುವ ಚಾಕುಗಳ ಅಂತರರಾಜ್ಯ ವ್ಯಾಪಾರವನ್ನು ನಿರ್ಬಂಧಿಸುತ್ತದೆ. 2009ರಲ್ಲಿ ಅಲ್ಲಿನ ಕಸ್ಟಮ್ಸ್ ಇಲಾಖೆ ಆ ವ್ಯಾಖ್ಯೆಯನ್ನು ವಿಸ್ತರಿಸಹೊರಟಾಗ, ಅದೇ ವರ್ಷ ಕಾಯಿದೆಗೆ ತಿದ್ದುಪಡಿಯಾಗಿ, ಅಲಗನ್ನು ಮುಚ್ಚಿದ ಸ್ಥಿತಿಯತ್ತ ಎಳೆಯುವ ಸ್ಪ್ರಿಂಗ್ ಅಥವಾ ಡಿಟೆಂಟ್ ಇದ್ದು ಕೈಬಲದಿಂದ ತೆರೆಯಬೇಕಾದ ಚಾಕುಗಳಿಗೆ ವಿನಾಯಿತಿ ದೊರೆಯಿತು. ಅಂದರೆ ಡಿಟೆಂಟ್ ಯಂತ್ರದ ಅಂಗ ಮಾತ್ರವಲ್ಲ, ಕಾನೂನಿನ ಅಂಗವೂ ಹೌದು. ನಮ್ಮಲ್ಲಿ ಶಸ್ತ್ರಾಸ್ತ್ರ ನಿಯಮಗಳು, ಗೃಹ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕಾ ಬಳಕೆಯವನ್ನು ಬಿಟ್ಟು, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಚಾಕುಗಳನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸುತ್ತವೆ. ಕೆಲವು ಪ್ರದೇಶಗಳಲ್ಲಿ ಅಧಿಸೂಚನೆಯ ಮೂಲಕ ಇದಕ್ಕಿಂತ ಬಿಗಿಯಾದ ನಿರ್ಬಂಧಗಳೂ ಇರಬಹುದು. ಸುಂಕಪಟ್ಟಿಯಲ್ಲಿ ಮಡಚುವ ಚಾಕುಗಳು 8211 93 ಶೀರ್ಷಿಕೆಯಡಿ ಬರುತ್ತವೆ. ಆಮದು ಅಥವಾ ಮಾರಾಟಕ್ಕೆ ಕೈಹಾಕುವ ಮುನ್ನ ಸದಸ್ಯರು ಕಸ್ಟಮ್ಸ್ ಏಜೆಂಟರನ್ನೂ ವಕೀಲರನ್ನೂ ಕೇಳಿಕೊಳ್ಳುವುದು ಕ್ಷೇಮ.

ನಮ್ಮ ಘಟಕಗಳಿಗೆ ಪಾಠ

ಈ ಹೋಲಿಕೆಯಿಂದ ಹೊರಡುವ ತೀರ್ಮಾನ ಸರಳ. ಸರಾಗ ಎಂಬುದು ಅನುಭವದ ಮಾತಾದರೂ ಅದರ ಹಿಂದಿರುವುದೆಲ್ಲ ಅಳತೆಗಳೇ: ಮೈಗಳ ಸಮತಟ್ಟು, ಸಮಾನಾಂತರತೆ, ಒರಟುತನ, ಗಡಸುತನ, ರಂಧ್ರದ ಸ್ಥಾನ. ಇವನ್ನು ಸಾಧಿಸಲು ಬೇಕಾದ ಸರ್ಫೇಸ್ ಗ್ರೈಂಡಿಂಗ್, ವೈರ್‌ಕಟ್, ಲ್ಯಾಪಿಂಗ್, ಉಷ್ಣೋಪಚಾರಗಳು ನಮ್ಮ ಸಣ್ಣ ಕೈಗಾರಿಕೆಗಳಿಗೆ ಅಪರಿಚಿತವೇನಲ್ಲ. ಮಾಪನದಲ್ಲಿ ಸಂದೇಹ ಬಂದರೆ 1962ರಿಂದ ಬೆಂಗಳೂರಿನಲ್ಲಿರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಂತಹ ಕಡೆ ನೆರವು ಸಿಗುತ್ತದೆ. ಕೊರತೆಯಿರುವುದು ಯಂತ್ರದ್ದಲ್ಲ, ನಕ್ಷೆಯಲ್ಲಿ ಬರೆಯದ ಅಳತೆಯನ್ನು ಗ್ರಾಹಕರಿಂದ ಕೇಳಿ ತಿಳಿಯುವ ಅಭ್ಯಾಸದ್ದು.

ಮರಳಿ ಬಂದ ಆ ಐನೂರು ಜೊತೆ ವಾಷರುಗಳಲ್ಲಿ ಒಂದನ್ನು ಗಾಜಿನ ಮೇಲಿಟ್ಟು ಬೆರಳಿನಿಂದ ಒತ್ತಿ ನೋಡಿದೆವು. ಅದು ಸಣ್ಣಗೆ ಕುಣಿಯಿತು. ಡೈಯಲ್ಲಿ ಕತ್ತರಿಸುವಾಗ ಒಂದು ಅಂಚಿನಲ್ಲಿ ಬರ್ ಎದ್ದಿತ್ತು, ಮೈ ತುಸು ತಟ್ಟೆಯಂತೆ ಬಾಗಿತ್ತು. ದಪ್ಪವನ್ನು ನಾವು ಒಂದೇ ಕಡೆ ಅಳೆದಿದ್ದೆವು. ಗ್ರಾಹಕರಿಗೆ ಪತ್ರ ಬರೆದು ಸಮತಟ್ಟು, ಒರಟುತನ ಮತ್ತು ಸುತ್ತಲಿನ ದಪ್ಪದ ವ್ಯತ್ಯಾಸಕ್ಕೆ ಮಿತಿ ಕೇಳಿದೆವು. ಉತ್ತರ ವಾರದೊಳಗೆ ಬಂತು; ಕೇಳಿದವರು ನೀವೇ ಮೊದಲು ಎಂದೂ ಅದರಲ್ಲಿತ್ತು. ಎರಡೂ ಮೈಗಳಿಗೆ ಲ್ಯಾಪಿಂಗ್ ಮಾಡಿ, ಪ್ರತಿ ವಾಷರನ್ನು ನಾಲ್ಕು ಕಡೆ ಅಳೆದು ಕಳುಹಿಸಿದ ಎರಡನೆಯ ಮಾದರಿ ಅಂಗೀಕಾರವಾಯಿತು. ದರ ಮೊದಲಿನದಕ್ಕಿಂತ ಹೆಚ್ಚು ಕೇಳಿದ್ದೆವು. ಅದಕ್ಕೂ ಆಕ್ಷೇಪ ಬರಲಿಲ್ಲ. ಮೊದಲ ಸರಕಿನ ಆ ಒಂದು ಜೊತೆ ವಾಷರ್ ಇಂದಿಗೂ ನಮ್ಮ ತಪಾಸಣೆಯ ಮೇಜಿನ ಮೇಲೆ, ಗಾಜಿನ ತುಂಡಿನ ಪಕ್ಕದಲ್ಲಿದೆ. ಹೊಸದಾಗಿ ಸೇರುವ ಹುಡುಗರಿಗೆ ಮೊದಲ ದಿನ ಕೊಡುವ ಕೆಲಸ ಅದನ್ನು ಒತ್ತಿ ನೋಡುವುದು.